ಭರತ ಬರೀ ಅಳುತ್ತಾನಾ?

ಪತ್ರ: ಮಾನ್ಯ ಸಂಪಾದಕರೇ, ರಮಾನಂದ ಸಾಗರ್ ಅವರ ಹಳೇ ‘ರಾಮಾಯಣ’ ಧಾರಾವಾಹಿಯನ್ನು ಹತ್ತು ವರ್ಷದ ಮಗನ ಜೊತೆ ಮತ್ತೆ ನೋಡುತ್ತಿದ್ದೇನೆ. ಮೊನ್ನೆ ರಾತ್ರಿ ಒಂದೇ ಸಲಕ್ಕೆ ನಾಲ್ಕು ಕಂತು ನೋಡಿದೆವು. ಮಗನಿಗೆ ಲಕ್ಷ್ಮಣ ಅಂದ್ರೆ ಪ್ರಾಣ. ನನಗೂ ಅಷ್ಟೇ. ಅಣ್ಣನಿಗಾಗಿ ಎಲ್ಲ ಬಿಟ್ಟು ಕಾಡಿಗೆ ಹೋದವನು ಅವನು. ಭರತ ಮಾತ್ರ ಬಂದಾಗಿನಿಂದ ಅಳುತ್ತಲೇ ಇದ್ದಾನೆ. ಅತ್ತು ಅತ್ತು ಪಾದುಕೆ ತಗೊಂಡು ಊರಿಗೆ ವಾಪಸ್. ಇವನನ್ನು ಯಾಕೆ ಅಷ್ಟು ಹೊಗಳುತ್ತಾರೆ? ಈ ಇಬ್ಬರು ತಮ್ಮಂದಿರಲ್ಲಿ ನಿಮ್ಮ ಓಟು ಯಾರಿಗೆ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗನಿಗೆ ಹತ್ತು ವರ್ಷ. ಆ ವಯಸ್ಸಿನಲ್ಲಿ ಲಕ್ಷ್ಮಣ ಇಷ್ಟ ಆಗದಿದ್ದರೆ ನಾನೇ ಗಾಬರಿಯಾಗುತ್ತಿದ್ದೆ. ಕೈಯಲ್ಲಿ ಬಿಲ್ಲು, ಮೂಗಿನ ತುದಿಯಲ್ಲಿ ಸಿಟ್ಟು, ಅಣ್ಣನ ಪಕ್ಕದಲ್ಲೇ ಜಾಗ, ಇನ್ನೇನು ಬೇಕು? ಆದರೆ ‘ನನಗೂ ಅಷ್ಟೇ’ ಅಂತ ಬರೆದಿದ್ದೀರಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಮೊದಲು ಲಕ್ಷ್ಮಣನಿಗೆ ಸಲ್ಲಬೇಕಾದ್ದು ಸಲ್ಲಿಸಿಬಿಡುತ್ತೇನೆ. ಚಿತ್ರಕೂಟದಲ್ಲಿ, ಪಂಚವಟಿಯಲ್ಲಿ ಗುಡಿಸಲು ಕಟ್ಟಿದವನು ಅವನು. ಸೀತೆಯ ಒಡವೆ ತೋರಿಸಿದಾಗ, ದಿನಾ ಕಾಲಿಗೆ ನಮಸ್ಕಾರ ಮಾಡುತ್ತಿದ್ದೆ, ಹಾಗಾಗಿ ಕಾಲಂದುಗೆ ಮಾತ್ರ ಗುರುತು ಸಿಗುತ್ತದೆ ಎಂದವನು. ಕೊನೆಗೆ ಯುವರಾಜನಾಗು ಎಂದು ಅಣ್ಣ ಎಷ್ಟು ಹೇಳಿದರೂ ಒಲ್ಲೆ ಎಂದವನು. ದೊಡ್ಡವನು, ಒಪ್ಪಿದೆ. ಧಾರಾವಾಹಿಯಲ್ಲಿ ಲಕ್ಷ್ಮಣನಾದ ಸುನಿಲ್ ಲಹ್ರಿ ಕೂಡ ಆ ಸಿಟ್ಟನ್ನು ಚೆನ್ನಾಗಿಯೇ ಮಾಡಿದ್ದಾರೆ.

ಈಗ ಭರತನ ವಿಷಯಕ್ಕೆ ಬರೋಣ. ನೀವು ನಾಲ್ಕು ಕಂತು ಒಟ್ಟಿಗೆ ನೋಡಿದಿರಿ, ಅದಕ್ಕೇ ಅಳು ಜಾಸ್ತಿ ಅನ್ನಿಸಿದೆ. 1987ರ ಜನವರಿ 25ಕ್ಕೆ ಶುರುವಾದಾಗ ಅದು ವಾರಕ್ಕೊಂದೇ ಕಂತು, ಭಾನುವಾರ ಬೆಳಿಗ್ಗೆ. ಭರತ ಒಂದು ಭಾನುವಾರ ಅತ್ತರೆ ಮುಂದಿನ ಭಾನುವಾರದವರೆಗೆ ಕಣ್ಣು ಒರೆಸಿಕೊಳ್ಳಲು ಟೈಮು ಇರುತ್ತಿತ್ತು, ಅವನಿಗೂ ನಮಗೂ. ಒಂದು ತಿಂಗಳಿಗೆ ಕುಡಿಯುವ ಕಷಾಯವನ್ನು ಒಂದೇ ರಾತ್ರಿ ಕುಡಿದು ಕಹಿ ಅಂದರೆ ಹೇಗೆ?

ಅಳದೆ ಇನ್ನೇನು ಮಾಡಬೇಕಿತ್ತು ಹೇಳಿ. ಲಕ್ಷ್ಮಣನ ಎದುರಿಗೇ ಎಲ್ಲ ನಡೆಯಿತು. ಕೂಗಾಡಿದ, ಅಪ್ಪನನ್ನೇ ಕಟ್ಟಿಹಾಕುವ ಮಾತಾಡಿದ, ಆಮೇಲೆ ಹೊರಟ. ಭರತ ಅಜ್ಜನ ಮನೆಯಲ್ಲಿದ್ದ. ಬಂದು ನೋಡಿದರೆ ಅಪ್ಪ ಇಲ್ಲ, ಅಣ್ಣ ಇಲ್ಲ, ತಾನು ಕೇಳದ ಸಿಂಹಾಸನ ತನ್ನ ಹೆಸರಿಗೆ ಬಂದಿದೆ, ತಂದುಕೊಟ್ಟವಳು ಸ್ವಂತ ಅಮ್ಮ. ವಾಲ್ಮೀಕಿಯನ್ನು ಸ್ವಲ್ಪ ನಿಧಾನಕ್ಕೆ ಓದಿ. ಕೌಸಲ್ಯೆ ಅವನನ್ನು ಚುಚ್ಚಿ ಮಾತಾಡುತ್ತಾಳೆ. ಗುಹ ಗಂಗೆಯ ದಡದಲ್ಲಿ 500 ದೋಣಿ ಸಜ್ಜು ಮಾಡಿಕೊಂಡು ಕಾಯುತ್ತಾನೆ, ಇವನು ರಾಮನಿಗೆ ಕೇಡು ಮಾಡಲು ಬಂದಿದ್ದಾನೋ ಏನೋ ಅಂತ. ಭರದ್ವಾಜ ಮುನಿಗೂ ಅದೇ ಅನುಮಾನ, ಬಾಯಿಬಿಟ್ಟೇ ಕೇಳುತ್ತಾರೆ. ಪ್ರತಿ ನಿಲ್ದಾಣದಲ್ಲೂ ನಾನು ಕಳ್ಳ ಅಲ್ಲ ಅಂತ ಹೇಳಿಕೊಂಡೇ ಹೋಗಬೇಕಾದ ಪ್ರಯಾಣ ಅದು.

ಕೊನೆಯ ನಿಲ್ದಾಣದಲ್ಲಿ ನಿಮ್ಮ ಲಕ್ಷ್ಮಣ. ಹೂಬಿಟ್ಟ ಸಾಲ ಮರ ಹತ್ತಿ ನೋಡುತ್ತಾನೆ, ಸೈನ್ಯ ಬರುತ್ತಿದೆ. ಅಣ್ಣಾ ಬೆಂಕಿ ಆರಿಸು, ಅತ್ತಿಗೆಯನ್ನು ಗುಹೆಗೆ ಕಳಿಸು, ಕವಚ ತೊಡು, ಇವತ್ತು ಭರತನನ್ನು ಕೊಂದೇಬಿಡುತ್ತೇನೆ ಅಂತ ಮರದ ಮೇಲಿಂದಲೇ ಶುರು. ರಾಮನ ಉತ್ತರ ಕೇಳಿ. ನಿನಗೆ ರಾಜ್ಯದ ಆಸೆಯಿದ್ದರೆ ಹೇಳು, ಭರತ ಬಂದಕೂಡಲೇ ಇವನಿಗೆ ಕೊಟ್ಟುಬಿಡು ಅಂತೀನಿ, ಅವನು ಆಯ್ತು ಅಂತಾನೆ. ಅಷ್ಟೇ. ಲಕ್ಷ್ಮಣ ನಾಚಿಕೆಯಿಂದ ಮುದುಡಿಹೋಗುತ್ತಾನೆ. ಮುದುಡಿದವನು ತಕ್ಷಣ ಮಾತು ಬದಲಿಸಿ, ಬಹುಶಃ ಅಪ್ಪನೇ ನಿನ್ನನ್ನು ನೋಡಲು ಬಂದಿರಬೇಕು ಅಂತಾನೆ! ನಮ್ಮ ನಿಮ್ಮ ಮನೆಯ ತಮ್ಮಂದಿರು ಮಾಡುವುದೂ ಇದನ್ನೇ ಅಲ್ವಾ?

ಭರತನೇನು ಬರೀ ಬೆಣ್ಣೆಯಲ್ಲ. ಅಮ್ಮನಿಗೆ ಆಡಬಾರದ ಮಾತೆಲ್ಲ ಆಡಿದ್ದಾನೆ. ಶತ್ರುಘ್ನ ಮಂಥರೆಯನ್ನು ಎಳೆದಾಡುವಾಗ, ಬಿಟ್ಟುಬಿಡು, ಇವಳನ್ನು ಕೊಂದರೆ ರಾಮ ನಮ್ಮ ಜೊತೆ ಮಾತಾಡಲ್ಲ, ಇಲ್ಲದಿದ್ದರೆ ಕೈಕೇಯಿಯನ್ನು ನಾನೇ ಕೊಲ್ಲುತ್ತಿದ್ದೆ ಎಂದವನು. ರಾಮ ವಾಪಸ್ ಬರಲ್ಲ ಅಂದಾಗ ದರ್ಭೆ ಹಾಸಿಕೊಂಡು ಅವನ ಎದುರಿಗೇ ಉಪವಾಸ ಕೂತಿದ್ದಾನೆ. ಶುದ್ಧ ಧರಣಿ! ಇದೆಲ್ಲ ಕ್ಷತ್ರಿಯರು ಮಾಡುವ ಕೆಲಸವಲ್ಲ, ಏಳು ಅಂತ ರಾಮ ಗದರಿಸಿ ಎಬ್ಬಿಸುತ್ತಾನೆ. ಸಿಟ್ಟು ಇಬ್ಬರಲ್ಲೂ ಇದೆ ಸ್ವಾಮಿ. ಒಬ್ಬನದು ಬಾಣವಾಗಿ ಎದುರಿನವರ ಕಡೆ ಹೋಗುತ್ತದೆ. ಇನ್ನೊಬ್ಬ ಅದನ್ನು ತನ್ನ ಹೊಟ್ಟೆ ಮೇಲೆ ಹಾಕಿಕೊಳ್ಳುತ್ತಾನೆ. ಟೀವಿಗೆ ಬಾಣ ಚೆನ್ನಾಗಿ ಕಾಣುತ್ತದೆ.

ನಿಜವಾದ ಮೋಸ ಇರುವುದು ಆಮೇಲೆ. ಪಾದುಕೆ ತಲೆ ಮೇಲೆ ಇಟ್ಟುಕೊಂಡು ಭರತ ಹೊರಟ ಅನ್ನುವಲ್ಲಿಗೆ ಕ್ಯಾಮೆರಾ ರಾಮನ ಹಿಂದೆ ಕಾಡಿಗೆ ಹೋಗಿಬಿಡುತ್ತದೆ. ಅಲ್ಲಿ ಜಿಂಕೆ, ಶೂರ್ಪನಖಿ, ವಾನರರು. ಇಲ್ಲಿ ನಂದಿಗ್ರಾಮದಲ್ಲಿ 14 ವರ್ಷ ಒಬ್ಬ ಮನುಷ್ಯ ನಾರುಬಟ್ಟೆ ಉಟ್ಟುಕೊಂಡು ಕೋಸಲದ ಆಡಳಿತ ನಡೆಸಿದನಲ್ಲ, ಅದನ್ನು ಯಾರು ತೋರಿಸುತ್ತಾರೆ? ತೋರಿಸಲು ಅಲ್ಲಿ ಏನಿದೆ? ಕಂದಾಯ, ಕಣಜ, ಜಗಳ ತೀರಿಸುವುದು. ಚಿತ್ರಕೂಟದಲ್ಲಿ ರಾಮ ಕೇಳುವ ಪ್ರಶ್ನೆಗಳನ್ನೇ ನೋಡಿ. ಆದಾಯ ಜಾಸ್ತಿ ಇದೆಯಾ, ಖರ್ಚು ಕಮ್ಮಿ ಇದೆಯಾ? ಸೈನಿಕರ ಸಂಬಳ ತಡ ಮಾಡದೆ ಕೊಡುತ್ತಿದ್ದೀಯಾ? ಜಾಸ್ತಿ ನಿದ್ದೆ ಮಾಡುತ್ತಿಲ್ಲ ತಾನೇ? ಅಳುತ್ತಾ ಬಂದ ತಮ್ಮನಿಗೆ ಅಣ್ಣ ಕೇಳಿದ್ದು ಸಂಬಳದ ವಿಷಯ! ಲಕ್ಷ್ಮಣನಿಗೆ ಯಾವತ್ತಾದರೂ ಇಂಥ ಪ್ರಶ್ನೆ ಕೇಳಿದ್ದಾನಾ? ಯಾರನ್ನು ಏನು ಕೇಳಬೇಕು ಅಂತ ಅವನಿಗೆ ಗೊತ್ತಿತ್ತು.

ಅದಕ್ಕೆ ಭರತ ಉತ್ತರ ಕೊಟ್ಟಿದ್ದು 14 ವರ್ಷ ಆದಮೇಲೆ. ಪಾದುಕೆಯನ್ನು ತಾನೇ ಅಣ್ಣನ ಕಾಲಿಗೆ ತೊಡಿಸಿ ಹೇಳುತ್ತಾನೆ, ಬೊಕ್ಕಸ ನೋಡು, ಕಣಜ ನೋಡು, ಊರು ನೋಡು, ಸೈನ್ಯ ನೋಡು, ಎಲ್ಲ ಹತ್ತು ಪಟ್ಟು ಮಾಡಿದ್ದೇನೆ, ನಿನ್ನ ತೇಜಸ್ಸಿನಿಂದ. ಎಲ್ಲಾ ಬಿಟ್ಟು ಹೋಗುವುದು ದೊಡ್ಡದೇ. ತನ್ನದಲ್ಲದ್ದನ್ನು ತನ್ನದಕ್ಕಿಂತ ಚೆನ್ನಾಗಿ ನೋಡಿಕೊಂಡು, ಲೆಕ್ಕ ಒಪ್ಪಿಸಿ, ಎದ್ದು ನಿಲ್ಲುವುದನ್ನು ನಾನಂತೂ ಬದುಕಿನಲ್ಲಿ ಒಂದೋ ಎರಡೋ ಸಲ ನೋಡಿದ್ದೇನೆ. ಅಷ್ಟಾದರೂ ಅನುಮಾನ ಅವನನ್ನು ಬಿಟ್ಟಿದೆಯಾ? ಲಂಕೆಯಿಂದ ಬರುವಾಗ ರಾಮ ಹನುಮಂತನನ್ನು ಮುಂದೆ ಕಳಿಸುತ್ತಾನೆ. ನಾನು ಬರುತ್ತಿದ್ದೇನೆ ಅಂದಾಗ ಭರತನ ಮುಖ ಹೇಗಾಗುತ್ತದೆ ನೋಡಿಕೊಂಡು ಬಾ, ಕೈಗೆ ಬಂದ ರಾಜ್ಯ ಯಾರ ಮನಸ್ಸನ್ನು ಕೆಡಿಸಲ್ಲ ಅಂತ. ಹನುಮಂತನಿಗೆ ಕಂಡಿದ್ದು ಜಡೆಗಟ್ಟಿದ ತಲೆಯ, ಬಡಕಲಾದ ಒಂದು ದೇಹ.

ಆ ಪಾತ್ರ ಮಾಡಿದ ಸಂಜಯ್ ಜೋಗ್ ಮರಾಠಿ ನಟ, 1995ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. 2020ರ ಲಾಕ್‌ಡೌನ್‌ನಲ್ಲಿ, ಮಾರ್ಚ್ 28ರಿಂದ ದೂರದರ್ಶನ ಅದನ್ನು ಮತ್ತೆ ಹಾಕಿದಾಗ ರಾಮ, ಸೀತೆ, ಲಕ್ಷ್ಮಣ ಮೂವರ ಸಂದರ್ಶನವೂ ಎಲ್ಲ ಕಡೆ ಬಂತು. ಭರತನನ್ನು ಮಾತಾಡಿಸೋಣ ಅಂದರೆ ಭರತ ಇರಲಿಲ್ಲ.

ನಮ್ಮ ಭಾಷೆಯೂ ಅವನಿಗೆ ಏನೂ ಕೊಟ್ಟಿಲ್ಲ. ‘ರಾಮ ಲಕ್ಷ್ಮಣರ ಹಾಗೆ ಬಾಳಿ’ ಅಂತ ಆಶೀರ್ವಾದ ಮಾಡುತ್ತೇವೆ. ರಾಮ ಭರತರ ಹಾಗೆ ಅಂತ ಯಾರಾದರೂ ಹರಸಿದ್ದನ್ನು ಕೇಳಿದ್ದೀರಾ? ವಾಲ್ಮೀಕಿಯಲ್ಲಿ ಇಲ್ಲದ ‘ಲಕ್ಷ್ಮಣ ರೇಖೆ’ ದಿನಾ ಪತ್ರಿಕೆಗಳ ತಲೆಬರಹದಲ್ಲಿ ಇರುತ್ತದೆ. ದೇಶಕ್ಕೆ ಭಾರತ ಅಂತ ಹೆಸರಿದೆಯಲ್ಲ ಅಂದರೆ ಅದೂ ಬೇರೆ ಭರತನದ್ದು, ಶಕುಂತಲೆಯ ಮಗನದ್ದು ಅಂತಾರೆ. ತಾಳಮದ್ದಳೆಯವರು ಮಾತ್ರ ಅವನ ಕೈಬಿಟ್ಟಿಲ್ಲ. ‘ಭರತಾಗಮನ’ ಇಟ್ಟುಕೊಂಡರೆ ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತಿನಲ್ಲೇ ಅಣ್ಣ ತಮ್ಮ ಜಗ್ಗಾಡುತ್ತಾರೆ. ಅಲ್ಲಿ ಭರತ ಸುಮ್ನೆ ಅತ್ತರೆ ನಡೆಯಲ್ಲ. ರಾಮನ ಎದುರು ವಾದ ಮಾಡಬೇಕು, ಸೋಲಬೇಕು, ಸೋತಿದ್ದೂ ಚೆನ್ನಾಗಿರಬೇಕು. ಒಮ್ಮೆ ನಿಮ್ಮ ಮಗನನ್ನು ಕರ್ಕೊಂಡು ಹೋಗಿ. ನಿದ್ದೆ ಬಂದರೆ ಬರಲಿ.

ಈಗಿನ ಧಾರಾವಾಹಿಗಳಲ್ಲಂತೂ ಮನೆಯಲ್ಲಿ ಉಳಿದ ತಮ್ಮ ಅಂದರೆ ಒಂದೋ ಪೆದ್ದ, ಇಲ್ಲವೇ ಆಸ್ತಿ ನುಂಗಲು ಹೊಂಚು ಹಾಕುವವನು. ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬೈಕ್ ಹತ್ತಿ ಹೊರಟವನ ಕಥೆ ಕೊಡಿ ಅಂತ ನಮ್ಮ ಪತ್ರಿಕೆಗೇ ತಿಂಗಳಿಗೆ ಹತ್ತು ಪತ್ರ ಬರುತ್ತದೆ. ಅದೇ ಕೆಲಸವನ್ನು 30 ವರ್ಷ ಮಾಡಿದವನ ಕಥೆ ಯಾರಿಗೂ ಬೇಡ. ನಮ್ಮಲ್ಲೇ ಒಬ್ಬರು ಚಂದಾದಾರರ ವಿಳಾಸದ ರಿಜಿಸ್ಟರ್ ನೋಡಿಕೊಂಡಿದ್ದರು. ಮನೆ ಬದಲಿಸಿದವರು, ತೀರಿಹೋದವರು, ತೀರಿಹೋದವರ ಹೆಸರಲ್ಲೇ ಚಂದಾ ಕಟ್ಟುವ ಮಕ್ಕಳು, ಎಲ್ಲ ಅವರಿಗೆ ಬಾಯಿಪಾಠ. ಅವರು ನಿವೃತ್ತರಾದ ಮೇಲೆ ಎರಡು ತಿಂಗಳು ಪತ್ರಿಕೆ ಯಾರ್ಯಾರದೋ ಮನೆಗೆ ಹೋಯಿತು. ಆಗ ಬಂದ ಬೈಗುಳದ ಪತ್ರಗಳಲ್ಲಿ ನಿಮ್ಮದೂ ಒಂದಿತ್ತು, ನೆನಪಿದೆ.

ಸಿಟ್ಟಾಗಬೇಡಿ, ಇಷ್ಟು ಮಾತಾಡಲು ಒಂದು ಕಾರಣವಿದೆ. 1987ರಲ್ಲಿ ಮಲೆನಾಡಿನ ನಮ್ಮೂರಿಗೆಲ್ಲ ಇದ್ದದ್ದು ಒಂದೇ ಟೀವಿ, ನಮ್ಮ ಮನೆಯಲ್ಲಿ. ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದ್ದರು. ಗಾಳಿ ಬಂದರೆ ಚಿತ್ರ ಹೋಗುತ್ತಿತ್ತು. ಭರತ ಚಿತ್ರಕೂಟಕ್ಕೆ ಬಂದ ಭಾನುವಾರ ಮಳೆ ಹಿಡಿದಿತ್ತು. ಚಾವಡಿಯಲ್ಲಿ ಐವತ್ತು ಜನ. ನನ್ನ ಚಿಕ್ಕಪ್ಪ ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳದಲ್ಲಿ ಕಂಬ ಹಿಡಿದು ನಿಂತಿದ್ದರು. ‘ಬಂತಾ?’ ‘ಬಂತು!’ ‘ಈಗ?’ ‘ಹೋಯ್ತು, ಎಡಕ್ಕೆ!’ ಒಳಗೆ ಎಲ್ಲರೂ ಮೂಗು ಸೀಟುತ್ತಾ ಅಳುತ್ತಿದ್ದರು. ಚಿಕ್ಕಪ್ಪನ ಕೈ ಕಂಬ ಬಿಡಲಿಲ್ಲ. ದೊಡ್ಡ ಕೆಲಸ ಹಿಡಿದು ಮುಂಬೈಗೆ ಹೋಗಿದ್ದ ನಮ್ಮಪ್ಪನ ಪಾಲಿನ ತೋಟವನ್ನೂ ನೋಡಿಕೊಂಡಿದ್ದವರು ಇದೇ ಚಿಕ್ಕಪ್ಪ. ಪ್ರತಿ ವರ್ಷ ಕೊಯ್ಲಾದ ಮೇಲೆ ಉದ್ದ ಪುಸ್ತಕದ ಲೆಕ್ಕ ಬರುತ್ತಿತ್ತು. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಕೂಲಿ, ಗೊಬ್ಬರ, ‘ಅಣ್ಣನ ಪಾಲಿನ ಎರಡು ಮರ ಗಾಳಿಗೆ ಬಿತ್ತು’ ಅಂತ ಒಂದು ಸಾಲು. ಅಪ್ಪ ಅದನ್ನು ಬಿಚ್ಚಿ ನೋಡಿದ್ದು ನನಗೆ ಗೊತ್ತಿಲ್ಲ.

2020ರಲ್ಲಿ ಮತ್ತೆ ರಾಮಾಯಣ ಬಂದಾಗ ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ, ಅವತ್ತು ನೀವು ನೋಡಲು ಆಗಿರಲಿಲ್ಲವಲ್ಲ, ಭರತನ ಕಂತುಗಳನ್ನು ತಪ್ಪದೆ ನೋಡಿ. ನೋಡಿದರು. ಮರುದಿನ ಅವರೇ ಫೋನ್ ಮಾಡಿದರು. ನನಗೆ ಗಂಟಲು ಕಟ್ಟಿತ್ತು, ಏನು ಹೇಳುತ್ತಾರೋ ಅಂತ.

‘ನೋಡಿದೆ ಮಾರಾಯಾ,’ ಅಂದರು. ‘ಲಕ್ಷ್ಮಣ ಆಗಬಹುದು. ಆ ಭರತ ಎಂತಕ್ಕೆ ಅಷ್ಟು ಅಳ್ತಾನೆ?’