ಲೇಸರ್ ಟ್ಯೂಬಿನ ನೀರು ಬಿಸಿಯಾಗ್ತಿದೆಯೇ? ಚಿಲ್ಲರ್ ಕೊಳ್ಳುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನನ್ನ ಹತ್ತಿರ 40 ವ್ಯಾಟಿನ ಸಿಒ2 ಲೇಸರ್ ಕಟ್ಟರ್ ಇದೆ. ಲೇಸರ್ ಹುಟ್ಟುವ ಗಾಜಿನ ಟ್ಯೂಬ್ ತಣಿಸಲು 20 ಲೀಟರ್ ಬಕೆಟ್ಟಿನಲ್ಲಿ ಪಂಪ್ ಇಟ್ಟು ನೀರು ಓಡಿಸುತ್ತೇನೆ. ಬೆಳಿಗ್ಗೆ ಸಲೀಸಾಗಿ ಕಟ್ ಆಗುವ 3 ಎಂಎಂ ಪ್ಲೈವುಡ್, ಎರಡು ಗಂಟೆ ಕೆಲಸ ಆದಮೇಲೆ ಅದೇ ಸೆಟ್ಟಿಂಗಿನಲ್ಲಿ ಪೂರ್ತಿ ಕಟ್ ಆಗುವುದಿಲ್ಲ. ಚಿಲ್ಲರ್ (ನೀರು ತಣಿಸುವ ಮಷೀನ್) ಕೊಳ್ಳುವಷ್ಟು ದುಡ್ಡಿಲ್ಲ. ಏನು ಮಾಡಲಿ?

ಉತ್ತರ: ಲೆನ್ಸ್ ಕೊಳೆಯಾದರೂ ಕಟ್ ಸರಿಯಾಗಿ ಬರುವುದಿಲ್ಲ. ಆದರೆ ಆ ತೊಂದರೆ ರಾತ್ರಿ ಕಳೆದ ಮಾತ್ರಕ್ಕೆ ತಾನಾಗಿ ಹೋಗುವುದಿಲ್ಲ. ಬೆಳಿಗ್ಗೆ ಚೆನ್ನಾಗಿದ್ದು ಆಮೇಲೆ ಸೊರಗುತ್ತಿದೆ ಅಂದರೆ ನೀರೇ ಕಾರಣ ಇರಬೇಕು. ಟ್ಯೂಬಿನೊಳಗಿನ ಗ್ಯಾಸ್ ಬಿಸಿಯಾದಷ್ಟೂ ಲೇಸರ್ ಆಗಿ ಹೊರಬರುವ ಪಾಲು ಇಳಿಯುತ್ತದೆ. ಟ್ಯೂಬಿನ ಆಯಸ್ಸೂ ಜೊತೆಗೇ ಸವೆಯುತ್ತದೆ. ಗಾಜಿನ ಟ್ಯೂಬುಗಳಿಗೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ನಡುವಿನ ನೀರು ಬೇಕು. 20ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು.

ಏನನ್ನಾದರೂ ಕೊಳ್ಳುವ ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಟ್ಯೂಬಿಗೆ ಹೋಗುವ ಕರೆಂಟಿನಲ್ಲಿ ಲೇಸರ್ ಆಗುವುದು ನೂರಕ್ಕೆ 10ರಿಂದ 20 ಪಾಲು ಅಷ್ಟೇ. ಉಳಿದದ್ದೆಲ್ಲ ಶಾಖ. ನಿಮ್ಮ ಮಷೀನಿಗೆ ಸುಮಾರು 300 ವ್ಯಾಟ್ ಶಾಖ ಅಂತ ಇಟ್ಟುಕೊಳ್ಳಿ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೂಲ್ ಬೇಕು. ಹಾಗಾದರೆ 20 ಲೀಟರ್ ನೀರು ಐದು ನಿಮಿಷದೊಳಗೆ ಒಂದು ಡಿಗ್ರಿ ಏರುತ್ತದೆ. ಬಿಡುವಿಲ್ಲದೆ ಕಟ್ ಮಾಡಿದರೆ ಗಂಟೆಗೆ ಹೆಚ್ಚುಕಡಿಮೆ 13 ಡಿಗ್ರಿ! ಬೆಳಿಗ್ಗೆ 20ರಲ್ಲಿ ಶುರುವಾದದ್ದು ಗಂಟೆ ಕಳೆಯುವುದರೊಳಗೆ 30 ದಾಟುತ್ತದೆ.

ಅದೇ ನೀರು 100 ಲೀಟರ್ ಇದ್ದರೆ? ಗಂಟೆಗೆ ಎರಡೂವರೆ ಡಿಗ್ರಿ ಚಿಲ್ಲರೆ ಏರುತ್ತದೆ, ಅಷ್ಟೇ. ಹಾಗಾಗಿ ನಾನು ಮೊದಲು ಹೇಳುವ ಉಪಾಯ ದೊಡ್ಡ ಡ್ರಮ್ಮು. ಅದರಲ್ಲಿ ಕೆಡುವ ಭಾಗ ಇಲ್ಲ, ಸದ್ದಿಲ್ಲ, ಕರೆಂಟ್ ಬೇಡ. ರಾತ್ರಿಯಿಡೀ ಅದು ತಾನೇ ತಣಿಯುತ್ತದೆ. ಡ್ರಮ್ಮನ್ನು ನೆಲದ ಮೇಲೆ, ನೆರಳಲ್ಲಿ, ಮಷೀನಿನ ಬಿಸಿಗಾಳಿ ತಾಗದ ಕಡೆ ಇಡಿ. ದೂಳು ಬೀಳದಂತೆ ಮುಚ್ಚಳ ಇರಲಿ. ಪಂಪ್ ಒಂದು ಕಡೆ, ಟ್ಯೂಬಿನಿಂದ ವಾಪಸ್ ಬರುವ ಪೈಪು ಅದರ ಎದುರು ಕಡೆ ಇರಲಿ. ಎರಡೂ ಅಕ್ಕಪಕ್ಕ ಇದ್ದರೆ ಬಂದ ಬಿಸಿನೀರೇ ಮತ್ತೆ ಟ್ಯೂಬಿಗೆ ಹೋಗುತ್ತದೆ. ಆಗ 100 ಲೀಟರ್ ಇದ್ದೂ ಪ್ರಯೋಜನವಿಲ್ಲ.

ಇದಕ್ಕಿಂತಲೂ ಅಗ್ಗದ ದಾರಿ ಒಂದಿದೆ: ಶಾಖವನ್ನೇ ಕಡಿಮೆ ಹುಟ್ಟಿಸುವುದು. ಆಂಪ್ ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಈ ಟ್ಯೂಬುಗಳನ್ನು 18 ಮಿಲಿಆಂಪ್ ಮೇಲೆ ಓಡಿಸಿದರೆ ಬೇಗ ಸೊರಗುತ್ತವೆ. 12ಕ್ಕೆ ಇಳಿಸಿ, ವೇಗವನ್ನೂ ತಗ್ಗಿಸಿ ಒಮ್ಮೆ ನೋಡಿ. ಕೆಲಸ ಕೊಂಚ ನಿಧಾನವಾಗುತ್ತದೆ, ಆದರೆ ಮಧ್ಯೆ ನಿಲ್ಲಿಸಿ ನೀರು ತಣಿಯಲಿ ಅಂತ ಕಾಯುವುದು ತಪ್ಪುತ್ತದೆ.

ಇಷ್ಟಾದರೂ ಸಾಲದಿದ್ದರೆ ಐಸ್. ಒಂದು ಕೆಜಿ ಐಸ್ ಕರಗಿ 20 ಡಿಗ್ರಿಗೆ ಬರುವಷ್ಟರಲ್ಲಿ 418 ಕಿಲೋಜೂಲ್ ಹೀರಿಕೊಳ್ಳುತ್ತದೆ. 300 ವ್ಯಾಟಿಗೆ ಅದು ಸುಮಾರು 23 ನಿಮಿಷದ ಕೆಲಸ. ಅಂದರೆ ನಿರಂತರ ಕಟಿಂಗಿಗೆ ಗಂಟೆಗೆ ಎರಡೂವರೆ ಕೆಜಿ ಐಸ್ ಬೇಕು. ಟ್ಯೂಬ್ ಅರ್ಧ ಹೊತ್ತು ಮಾತ್ರ ಉರಿಯುವ ಕೆಲಸವಾದರೆ ಅದರ ಅರ್ಧ ಸಾಕು. ಐಸ್ ತುಂಡುಗಳನ್ನು ನೇರ ನೀರಿಗೆ ಸುರಿಯಬೇಡಿ. ಡಿಸ್ಟಿಲ್ಡ್ ವಾಟರ್ ಹಾಕಿದ್ದೆಲ್ಲ ದಂಡವಾಗುತ್ತದೆ. ಪ್ಲಾಸ್ಟಿಕ್ ಬಾಟಲಿಗಳಿಗೆ ಮುಕ್ಕಾಲು ಭಾಗ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ ಹಿಂದಿನ ರಾತ್ರಿ ಫ್ರೀಜರಿನಲ್ಲಿಡಿ. ಪೂರ್ತಿ ತುಂಬಿದರೆ ಐಸ್ ಹಿಗ್ಗಿ ಬಾಟಲಿ ಸೀಳುತ್ತದೆ. ಇವನ್ನು ಒಂದೊಂದಾಗಿ ಡ್ರಮ್ಮಿಗೆ ಬಿಡಿ, ಥರ್ಮಾಮೀಟರ್ ನೋಡುತ್ತಾ. ಕರಗಿದ್ದನ್ನು ತೆಗೆದು ಮತ್ತೆ ಫ್ರೀಜರಿಗೆ. ಎರಡು ಸೆಟ್ ಬಾಟಲಿ ಇದ್ದರೆ ಒಂದು ದಿನದ ಕೆಲಸ ಮುಗಿದಾಗ ಮಾರನೇ ದಿನದ್ದು ಸಿದ್ಧವಿರುತ್ತದೆ.

ಬಾಟಲಿ ಬಿಡುವಾಗ, ತೆಗೆಯುವಾಗ ಮಷೀನ್ ಆಫ್ ಇರಲಿ, ಪಂಪಿನ ಪ್ಲಗ್ಗೂ ಹೊರಗಿರಲಿ. ಟ್ಯೂಬಿಗೆ ಹೋಗುವುದು ಸಾವಿರಾರು ವೋಲ್ಟ್. ಎಲ್ಲಾದರೂ ಸೋರಿಕೆ ಇದ್ದರೆ ಆ ನೀರಿಗೆ ಕೈ ಹಾಕುವವರು ನೀವೇ. ಮಷೀನಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ, ನೀರು ತಣ್ಣಗೆ ಮಾಡುವ ವಿಷಯ ಬದಿಗಿಟ್ಟು ಮೊದಲು ಅದನ್ನು ಮಾಡಿಸಿ.

ಪ್ರಶ್ನೆ: ಐಸ್ ಹಾಕಿ ನೀರನ್ನು 10 ಡಿಗ್ರಿಗೆ ಇಳಿಸಿದೆ. ತಣ್ಣಗಿದ್ದಷ್ಟೂ ಒಳ್ಳೆಯದಲ್ವಾ? ಆದರೆ ಟ್ಯೂಬಿನ ಹೊರಗೆಲ್ಲ ನೀರಿನ ಹನಿ ಕಾಣುತ್ತಿದೆ. ಒಂದು ತುದಿಯಲ್ಲಿ ಚಟಪಟ ಸದ್ದೂ ಬರುತ್ತಿದೆ.

ಉತ್ತರ: ತಕ್ಷಣ ಆಫ್ ಮಾಡಿ. ತಣ್ಣೀರಿನ ಲೋಟ ಬೆವರುವ ಹಾಗೆಯೇ ನಿಮ್ಮ ಟ್ಯೂಬೂ ಬೆವರುತ್ತಿದೆ. ವ್ಯತ್ಯಾಸ ಏನೆಂದರೆ ಲೋಟದ ಪಕ್ಕದಲ್ಲಿ ಹೈವೋಲ್ಟೇಜ್ ವೈರ್ ಇರುವುದಿಲ್ಲ. ಕೆಂಪು ದಪ್ಪ ವೈರ್ ಸೇರುವ ತುದಿಯಲ್ಲಿ ಸಿಲಿಕೋನ್ ರಬ್ಬರ್ ತೊಡಿಸಿರುತ್ತಾರೆ. ಅದರ ಅಂಚಿನಲ್ಲಿ ಒಂದು ಹನಿ ಕೂತರೂ ಸಾಕು, ಕರೆಂಟ್ ಟ್ಯೂಬಿನೊಳಗೆ ಹೋಗುವ ಬದಲು ಹೊರಗಿನ ಲೋಹಕ್ಕೆ ಹಾರಲು ದಾರಿಯಾಗುತ್ತದೆ. ನೀವು ಕೇಳಿದ ಚಟಪಟ ಅದೇ ಇರಬೇಕು. ಹೀಗೆ ಬಿಟ್ಟರೆ ಪವರ್ ಸಪ್ಲೈ ಸುಡಬಹುದು. ಲೇಸರ್ ಹೊರಬರುವ ತುದಿಯ ಕನ್ನಡಿಯ ಮೇಲೆ ಮಂಜು ಕೂತರೆ ಅದೂ ಹಾಳು.

ಎಷ್ಟು ತಣ್ಣಗೆ ಮಾಡಬಹುದು ಅನ್ನುವುದನ್ನು ಕೋಣೆಯ ಗಾಳಿ ಹೇಳುತ್ತದೆ. ಗಾಳಿಯಲ್ಲಿನ ತೇವ ಹನಿಯಾಗಿ ಕೂರಲು ಶುರುವಾಗುವ ಬಿಸಿಗೆ ಡ್ಯೂ ಪಾಯಿಂಟ್ ಅನ್ನುತ್ತಾರೆ. ಕೋಣೆ 30 ಡಿಗ್ರಿ, ತೇವಾಂಶ ನೂರಕ್ಕೆ 50 ಇದ್ದರೆ ಅದು ಸುಮಾರು 18 ಡಿಗ್ರಿ. ಅದೇ 30 ಡಿಗ್ರಿಯಲ್ಲಿ ತೇವಾಂಶ 70 ಆದರೆ ಹತ್ತಿರ ಹತ್ತಿರ 24. 80 ಆದರೆ 26! ಅಂದರೆ ಮಳೆಗಾಲದ ಸೆಕೆಯಲ್ಲಿ 20 ಡಿಗ್ರಿ ನೀರೂ ಅಪಾಯವೇ. ಆ ದಿನಗಳಲ್ಲಿ 26-27ರಲ್ಲೇ ಓಡಿಸಿ, ಕರೆಂಟ್ ಕಡಿಮೆ ಇಟ್ಟು ಕೆಲಸ ಮಾಡಿ. ಇಲ್ಲವೇ ಕೋಣೆಯ ತೇವವನ್ನೇ ಇಳಿಸಬೇಕು. ತೇವಾಂಶ ತೋರಿಸುವ ಪುಟ್ಟ ಮೀಟರ್ ಒಂದನ್ನು ಮಷೀನಿನ ಪಕ್ಕ ಇಟ್ಟುಕೊಳ್ಳಿ. ಈ ಇಡೀ ವ್ಯವಸ್ಥೆಯಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ.

ಈಗ ಟ್ಯೂಬನ್ನು ಪೂರ್ತಿ ಒಣಗಲು ಬಿಡಿ. ಒರೆಸಿದ ಮಾತ್ರಕ್ಕೆ ಆನ್ ಮಾಡಬೇಡಿ, ಸಿಲಿಕೋನ್ ಒಳಗೆ ತೇವ ಉಳಿದಿರುತ್ತದೆ.

ಪ್ರಶ್ನೆ: ರೇಡಿಯೇಟರ್ ಮತ್ತು ಫ್ಯಾನ್ ಹಾಕಿದರೆ ಆಗುತ್ತದೆಯೇ? ಸಿಡಬ್ಲ್ಯು-3000 ಅನ್ನುವ ಅಗ್ಗದ ಚಿಲ್ಲರ್ ಸಿಗುತ್ತಿದೆ, ಕೊಳ್ಳಬಹುದೇ?

ಉತ್ತರ: ಸಿಡಬ್ಲ್ಯು-3000 ಹೆಸರಿಗೆ ಚಿಲ್ಲರ್. ಒಳಗೆ ತೆರೆದು ನೋಡಿದರೆ ಕಂಪ್ರೆಸರ್ ಇಲ್ಲ. ಇರುವುದು ಒಂದು ಟ್ಯಾಂಕ್, ಪಂಪ್, ರೇಡಿಯೇಟರ್, ಫ್ಯಾನ್. ನೀರು ಕೋಣೆಗಿಂತ ಪ್ರತಿ ಒಂದು ಡಿಗ್ರಿ ಬಿಸಿ ಇದ್ದಾಗ 50 ವ್ಯಾಟ್ ಶಾಖ ಹೊರಹಾಕುವುದು ಅದರ ಶಕ್ತಿ. 300 ವ್ಯಾಟಿಗೆ ಲೆಕ್ಕ ಹಾಕಿ: ನೀರು ಕೋಣೆಗಿಂತ 6 ಡಿಗ್ರಿ ಮೇಲೆ ಹೋಗಿ ನಿಲ್ಲುತ್ತದೆ. ಕೋಣೆ 16 ಇದ್ದರೆ ಭೇಷ್. 32 ಇದ್ದರೆ ನೀರು 38. ಯಾವ ರೇಡಿಯೇಟರೂ ಕೋಣೆಗಿಂತ ಕೆಳಗೆ ಇಳಿಸುವುದಿಲ್ಲ. ಹಳೆಯ ಕಂಪ್ಯೂಟರಿನದ್ದು, ಕಾರಿನದ್ದು, ಹೊಸದು, ಯಾವುದಾದರೂ ಅಷ್ಟೇ.

ಇನ್ನೊಂದು ವಿಷಯ. ಐಸ್ ಬಾಟಲಿ ಮತ್ತು ರೇಡಿಯೇಟರ್ ಎರಡನ್ನೂ ಒಟ್ಟಿಗೆ ಹಾಕುವವರಿದ್ದಾರೆ. ನೀರು 20, ಕೋಣೆ 30 ಇದ್ದಾಗ ಆ ರೇಡಿಯೇಟರ್ ಮಾಡುವುದೇನು? ಕೋಣೆಯ ಬಿಸಿಯನ್ನು ನಿಮ್ಮ ನೀರಿಗೆ ತುಂಬುತ್ತದೆ! ಐಸ್ ದಿನ ರೇಡಿಯೇಟರನ್ನು ತಪ್ಪಿಸಿ ಪೈಪ್ ಹಾಕಿ. ಡ್ರಮ್ಮಿಗೆ ಥರ್ಮಾಕೋಲ್ ಸುತ್ತುವ ಮಾತೂ ಹೀಗೆಯೇ. ಐಸ್ ಬಳಸುವವರು ಸುತ್ತಿ. ಬಳಸದವರು ಸುಮ್ನೆ ಸುತ್ತಬೇಡಿ, ನೀರಿನ ಬಿಸಿ ಹೊರಗೆ ಹೋಗಲು ಬಿಡಿ.

ಪ್ರಶ್ನೆ: ಪೈಪನ್ನು ಹಳೆಯ ಫ್ರಿಜ್ಜಿನೊಳಗೆ ಸುರುಳಿ ಸುತ್ತಿ ಬಿಟ್ಟರೆ? ಅಥವಾ ಪೆಲ್ಟಿಯರ್ ಪ್ಲೇಟ್ ಹಾಕಿದರೆ?

ಉತ್ತರ: ಎರಡೂ ಬೇಡ. ಮನೆಯ ಫ್ರಿಜ್ ಒಳಗಿಟ್ಟ ವಸ್ತುವನ್ನು ತಣ್ಣಗೆ ಕಾಯುವುದಕ್ಕೆ ಮಾಡಿದ್ದು. ಅದು ಹೊರಹಾಕಬಲ್ಲ ಶಾಖ ನೂರು ವ್ಯಾಟಿನ ಸುತ್ತಮುತ್ತ. 300 ವ್ಯಾಟ್ ಸುರಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಓಡಿ ಸೋಲುತ್ತದೆ. ಫ್ರಿಜ್ಜಿನಿಂದ ಐಸ್ ಮಾಡಿಸಿಕೊಳ್ಳಿ. ರಾತ್ರಿಯೆಲ್ಲ ನಿಧಾನವಾಗಿ ದುಡಿದು ಕೂಡಿಟ್ಟದ್ದನ್ನು ಹಗಲು ಖರ್ಚು ಮಾಡಬಹುದು.

ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ ಆಗುವ ಪೆಲ್ಟಿಯರ್ ಪ್ಲೇಟು ನೋಡಲು ಅಗ್ಗ. ಸಾಮಾನ್ಯವಾಗಿ ಸಿಗುವ 12 ವೋಲ್ಟ್, 6 ಆಂಪಿನ ಪ್ಲೇಟು 60 ವ್ಯಾಟಿನಷ್ಟು ಕರೆಂಟ್ ತಿಂದು ಅದಕ್ಕಿಂತ ಕಡಿಮೆ ಶಾಖ ಎತ್ತುತ್ತದೆ. ನಿಮ್ಮ ಮಷೀನಿಗೆ ಎಂಟು ಹತ್ತು ಪ್ಲೇಟು ಬೇಕು. ಅವುಗಳ ಬಿಸಿ ಬದಿಯನ್ನು ತಣಿಸಲು ದೊಡ್ಡ ಹೀಟ್‌ಸಿಂಕು, ಫ್ಯಾನು, ದಪ್ಪ ಪವರ್ ಸಪ್ಲೈ ಬೇಕು. ಎಲ್ಲ ಕೂಡಿಸಿದರೆ ಅಗ್ಗ ಎಲ್ಲಿ ಉಳಿಯಿತು?

ದಿನವಿಡೀ ಕೆಲಸ ಇರುವವರು ಕಂಪ್ರೆಸರ್ ಇರುವ ಚಿಲ್ಲರನ್ನೇ ನೋಡಬೇಕು. ಸಿಡಬ್ಲ್ಯು-5000 ಸುಮಾರು 750ರಿಂದ 800 ವ್ಯಾಟ್ ಶಾಖ ಎತ್ತುತ್ತದೆ, 40 ವ್ಯಾಟ್ ಮಷೀನಿಗೆ ಧಾರಾಳ. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಟ್ಯಾಂಕಿಗೆ ನೀರು ತುಂಬಿಸಿ, ಕಣ್ಣೆದುರಿಗೇ ಹತ್ತು ನಿಮಿಷ ಓಡಿಸಿ, ಡಿಗ್ರಿ ಇಳಿಯುತ್ತದೆಯೇ ನೋಡಿ ಕೊಳ್ಳಿ. ಸಣ್ಣ ವಿಂಡೋ ಎಸಿ ಬಿಚ್ಚಿ ಅದರ ಕಾಯಿಲನ್ನು ನೀರಿಗೆ ಇಳಿಸುವವರೂ ಇದ್ದಾರೆ. ಶಕ್ತಿ ಸಾಕಷ್ಟಿರುತ್ತದೆ. ಆದರೆ ಕಾಯಿಲ್ ಬಗ್ಗಿಸುವಾಗ ಪೈಪ್ ಸೀಳಿ ಗ್ಯಾಸ್ ಹೋದರೆ ಎಸಿಯೂ ಇಲ್ಲ, ಚಿಲ್ಲರೂ ಇಲ್ಲ. ಎಸಿ ರಿಪೇರಿ ಗೊತ್ತಿರುವವರಿಗೆ ಬಿಟ್ಟ ಕೆಲಸ ಅದು.

ಪ್ರಶ್ನೆ: ನಮ್ಮದು ಒಣ ಹವೆ. ಏರ್ ಕೂಲರಿನ ತತ್ವ ಇಲ್ಲಿ ನಡೆಯುತ್ತದೆಯೇ?

ಉತ್ತರ: ಒಣ ಹವೆಯಲ್ಲಿ ತುಂಬಾ ಚೆನ್ನಾಗಿ ನಡೆಯುತ್ತದೆ. 300 ವ್ಯಾಟ್ ಶಾಖ ಒಯ್ಯಲು ಗಂಟೆಗೆ ಅರ್ಧ ಲೀಟರಿಗೂ ಕಡಿಮೆ ನೀರು ಆವಿಯಾದರೆ ಸಾಕು. ಗಾಳಿ 35 ಡಿಗ್ರಿ, ತೇವಾಂಶ 30 ಇದ್ದಾಗ ಕೂಲರಿನ ನೀರು 22ರ ಹತ್ತಿರಕ್ಕೆ ಇಳಿಯಬಲ್ಲದು. ತೇವಾಂಶ 70 ಆದರೆ 30ರ ಕೆಳಗೆ ಇಳಿಯುವುದಿಲ್ಲ. ಆದರೆ ಟ್ಯೂಬಿನ ನೀರನ್ನೇ ಕೂಲರಿಗೆ ಬಿಡಬೇಡಿ. ದೂಳೆಲ್ಲ ಸೇರುತ್ತದೆ. ಕೂಲರಿನ ತೊಟ್ಟಿಯಲ್ಲಿ ತಾಮ್ರದ ಪೈಪಿನ ಸುರುಳಿ ಮುಳುಗಿಸಿ, ಟ್ಯೂಬಿನ ನೀರು ಆ ಸುರುಳಿಯೊಳಗೆ ಹರಿಯುವಂತೆ ಮಾಡಿ. ಕೂಲರನ್ನು ಕಿಟಕಿಯ ಹೊರಗಿಡುವುದು ಒಳ್ಳೆಯದು. ಒಳಗಿಟ್ಟರೆ ಅದರ ತೇವವೇ ಮಷೀನ್ ಕೋಣೆಗೆ ಸೇರುತ್ತದೆ.

ಪ್ರಶ್ನೆ: ನೀರಿಗೆ ಉಪ್ಪು ಅಥವಾ ಕಾರಿನ ಕೂಲೆಂಟ್ ಸೇರಿಸಿದರೆ ಇನ್ನೂ ತಣ್ಣಗಾಗುತ್ತದೆಯೇ? ನಲ್ಲಿ ನೀರು ಆಗುತ್ತದಾ?

ಉತ್ತರ: ಉಪ್ಪು ಬೇಡವೇ ಬೇಡ. ಉಪ್ಪುನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಕೂಲೆಂಟ್ ಇರುವುದು ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವವರಿಗೆ. ಬೆರೆಸಿದರೆ ನೀರು ಶಾಖ ಹೊರುವ ಶಕ್ತಿ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ನಲ್ಲಿ ನೀರಿನಲ್ಲಿ ಖನಿಜಗಳಿರುತ್ತವೆ, ಗಾಜಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಅದು ಹಸಿರು ತಿರುಗಿದರೆ ಅಥವಾ ಮುಟ್ಟಿದಾಗ ಜಾರಿದರೆ ಪೂರ್ತಿ ಬದಲಿಸಿ.

ಟ್ಯೂಬಿನೊಳಗೆ ಗಾಳಿಗುಳ್ಳೆ ನಿಂತಿದೆಯೇ ಅಂತಲೂ ಟಾರ್ಚ್ ಹಿಡಿದು ನೋಡಿ. ಗುಳ್ಳೆ ಇರುವ ಕಡೆ ಗಾಜಿಗೆ ನೀರು ತಾಗುವುದಿಲ್ಲ, ಅಲ್ಲೇ ಬಿರುಕು ಬಿಡುತ್ತದೆ. ಟ್ಯೂಬನ್ನು ತಿರುಗಿಸಿ ನೀರು ಹೊರಹೋಗುವ ಮೂತಿ ಮೇಲ್ಮುಖವಾಗಿ ಇರುವಂತೆ ಮಾಡಿದರೆ ಗುಳ್ಳೆ ತಾನೇ ಹೋಗುತ್ತದೆ. ಪಂಪ್ ನಿಂತರೆ ಲೇಸರ್ ಉರಿಯದಂತೆ ತಡೆಯುವ ಫ್ಲೋ ಸ್ವಿಚ್ ಒಂದನ್ನು ಹಾಕಿಸಿಕೊಳ್ಳಿ. ಅದಿಲ್ಲದೆ ಪಂಪ್ ನಿಂತದ್ದು ತಡವಾಗಿ ಗೊತ್ತಾದರೆ, ಗಾಬರಿಯಲ್ಲಿ ತಕ್ಷಣ ಪಂಪ್ ಆನ್ ಮಾಡಬೇಡಿ. ಕಾದ ಗಾಜಿಗೆ ತಣ್ಣೀರು ತಾಗಿದರೆ ಟ್ಯೂಬ್ ಸೀಳುತ್ತದೆ. ಲೇಸರ್ ಆಫ್ ಮಾಡಿ, ಟ್ಯೂಬ್ ತಾನಾಗಿ ಆರಲಿ, ಆಮೇಲೆ ನೀರು ಬಿಡಿ.