ಓದುಗರ ಪ್ರಶ್ನೆ, ಮಾಸ್ತರರ ಉತ್ತರ: ಸಾವಳಗಿಯ ಜತ್ತಿಯವರು ರಾಷ್ಟ್ರಪತಿ ಭವನದಲ್ಲಿ

ಮಾಸ್ತರರೇ, ನಮಸ್ಕಾರ. ರಾಷ್ಟ್ರಪತಿ ಕೆಲಸ ಮಾಡಿದ ಕನ್ನಡಿಗರು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರಂತೆ. ನಮ್ಮ ಮಗಳು ಬಿ.ಡಿ. ಜತ್ತಿ ಅಂದಳು. ‘ಅವರು ಬರೀ ಹಂಗಾಮಿ, ಲೆಕ್ಕಕ್ಕಿಲ್ಲ’ ಅಂದುಬಿಟ್ರು. ಸರಿನಾ?
– ಒಬ್ಬ ತಾಯಿ, ಮುಧೋಳ

ಸರಿಯಲ್ಲ ತಾಯಿ. ಮಗಳ ಉತ್ತರ ಸರಿಯಾಗಿದೆ. ಆಯ್ಕೆಯಾಗಿ ಬಂದ ರಾಷ್ಟ್ರಪತಿಗಳ ಪಟ್ಟಿಯಲ್ಲಿ ಜತ್ತಿಯವರಿಲ್ಲ, ಅದು ನಿಜ. ಆದರೆ ‘ಲೆಕ್ಕಕ್ಕಿಲ್ಲ’ ಎಂಬ ಮಾತು ಓದಿ ನನಗೆ ಸಂಕಟವಾಯಿತು. ಸಂವಿಧಾನದ 65ನೇ ವಿಧಿ ತೆಗೆದು ನೋಡಿ. ರಾಷ್ಟ್ರಪತಿ ತೀರಿಕೊಂಡರೆ ಹೊಸಬರು ಬರುವವರೆಗೆ ಉಪರಾಷ್ಟ್ರಪತಿಯೇ ಆ ಕೆಲಸ ನೋಡಬೇಕು. ಅಷ್ಟು ದಿನ ರಾಷ್ಟ್ರಪತಿಯ ಎಲ್ಲ ಅಧಿಕಾರವೂ ಅವರದೇ. ಏನೂ ಕಡಿತವಿಲ್ಲ.

ಅವರ ಪಾಲಿಗೆ ಬಂದ ದಿನಗಳಾದರೂ ಎಂಥವು! 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಆಗ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಆ ಕೆಲಸ ವಹಿಸಿಕೊಂಡರು. ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಮಾರ್ಚ್‌ನಲ್ಲಿ ಲೋಕಸಭೆ ಚುನಾವಣೆ ನಡೆಯಿತು. ಇಂದಿರಾ ಗಾಂಧಿ ಸೋತರು. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಹಿಂದಕ್ಕೆ ಹೋಯಿತು. 24ರಂದು ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಸ್ವಾತಂತ್ರ್ಯ ಬಂದಾಗಿನಿಂದ ದೆಹಲಿಯಲ್ಲಿ ಕಾಂಗ್ರೆಸ್ ಬಿಟ್ಟು ಬೇರೆ ಸರ್ಕಾರ ಬಂದದ್ದು ಅದೇ ಮೊದಲು. ಆ ಪ್ರಮಾಣವಚನ ಬೋಧಿಸಿದವರು ನಮ್ಮ ಜಮಖಂಡಿ ತಾಲ್ಲೂಕಿನ ಸಾವಳಗಿಯವರು. ಇದು ಲೆಕ್ಕಕ್ಕಿಲ್ಲ ಅಂದರೆ ಇನ್ಯಾವುದು ಲೆಕ್ಕಕ್ಕೆ?

ಜತ್ತಿಯವರು ಅಷ್ಟು ದೂರ ಹೋದದ್ದು ಹೇಗೆ? ಯಾರಾದರೂ ದೊಡ್ಡವರು ಕೈಹಿಡಿದರೇ?
– ಕಾಲೇಜು ವಿದ್ಯಾರ್ಥಿ, ವಿಜಯಪುರ

ಕೊಲ್ಹಾಪುರದಲ್ಲಿ ಕಾನೂನು ಓದಿ ಬಂದು ಜಮಖಂಡಿಯಲ್ಲಿ ವಕೀಲಿಕೆ ಹಿಡಿದರು. 1940ರಲ್ಲಿ ಪುರಸಭೆ ಸದಸ್ಯರಾದರು, ಆಮೇಲೆ ಅಧ್ಯಕ್ಷರಾದರು. ನನ್ನ ಮಟ್ಟಿಗೆ ಅವರ ರಾಜಕೀಯದ ಬೇರು ಇಲ್ಲೇ ಇದೆ. ಓಣಿಯ ನೀರು, ಗಟಾರದ ದೂರು ಕೇಳಿದವರಿಗೆ ಜನರ ಮುಖ ಗೊತ್ತಿರುತ್ತದೆ. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ. ಅಲ್ಲಿ ಮಂತ್ರಿಯಾದರು, ದಿವಾನರೂ ಆದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಏನು ಮಾಡಿದರು ಗೊತ್ತಾ? ಕರಿಕೋಟು ಹಾಕಿಕೊಂಡು ಮತ್ತೆ ವಕೀಲಿಕೆಗೆ ಹೋದರು.

ಮುಂದೆ ಮುಂಬಯಿ ಸರ್ಕಾರದಲ್ಲಿ ಉಪಮಂತ್ರಿ, ಏಕೀಕರಣದ ನಂತರ ಮೈಸೂರು ರಾಜ್ಯದ ಭೂಸುಧಾರಣಾ ಸಮಿತಿಯ ಅಧ್ಯಕ್ಷ, 1958ರಿಂದ 1962ರವರೆಗೆ ಮುಖ್ಯಮಂತ್ರಿ. ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರ್ ಆಗಿ, ಒಡಿಶಾಕ್ಕೆ ರಾಜ್ಯಪಾಲರಾಗಿ ಹೋದರು. 1974ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿಯಾದರು. ದೊಡ್ಡವರ ಬೆಂಬಲ ಇದ್ದೇ ಇತ್ತು, ಅದಿಲ್ಲದೆ ಯಾವ ಪಕ್ಷದಲ್ಲೂ ಇಂಥ ಹುದ್ದೆ ಸಿಗುವುದಿಲ್ಲ. ಆದರೆ ಒಂದೊಂದೇ ಮೆಟ್ಟಿಲು ಹತ್ತಿದವರು ಅವರು.

ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಸಹಿ ಹಾಕದೆ ಜತ್ತಿಯವರು ಹಿಂದೇಟು ಹಾಕಿದ್ದರಂತೆ. ಅದು ಹಳೇ ಪಕ್ಷ ಕಾಂಗ್ರೆಸ್ಸಿನ ಮೇಲಿನ ಪ್ರೀತಿ ಅಲ್ವಾ?
– ನಿವೃತ್ತ ನೌಕರರು, ಬೆಳಗಾವಿ

ಹಾಗೆ ಹೇಳುವವರು ಅಂದೂ ಇದ್ದರು. ಹೊಸ ಜನತಾ ಸರ್ಕಾರ ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ ಸೇರಿ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಕಿತ್ತುಹಾಕಲು ಹೊರಟಿತು. ಲೋಕಸಭೆಯಲ್ಲಿ ಸೋತವರಿಗೆ ರಾಜ್ಯ ಆಳುವ ಹಕ್ಕಿಲ್ಲ ಎಂಬುದು ಅದರ ವಾದ. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಕೋರ್ಟ್ ಅವರ ದಾವೆ ವಜಾ ಮಾಡಿತು. ಕಡತ ಜತ್ತಿಯವರ ಮುಂದೆ ಬಂತು. ಅವರು ಕೂಡಲೇ ಸಹಿ ಹಾಕಲಿಲ್ಲ. ಹೊರಗೆ ಗದ್ದಲವೆದ್ದಿತು. ಏಪ್ರಿಲ್ 30ರಂದು ಹಾಕಿದರು.

ಅವರ ಕೈ ಎಷ್ಟು ಕಟ್ಟಿತ್ತು ನೋಡಿ. ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕು ಎಂದು 1976ರ 42ನೇ ತಿದ್ದುಪಡಿ ಖಡಾಖಂಡಿತವಾಗಿ ಬರೆದಿತ್ತು. ‘ಇನ್ನೊಮ್ಮೆ ಯೋಚಿಸಿ’ ಎಂದು ವಾಪಸ್ ಕಳಿಸುವ ಹಕ್ಕು ಸಂವಿಧಾನದಲ್ಲಿ ಬರಹವಾಗಿ ಬಂದದ್ದು ಆಮೇಲೆ, 1978ರ 44ನೇ ತಿದ್ದುಪಡಿಯಲ್ಲಿ. ಅಂದರೆ ಜತ್ತಿಯವರ ಮುಂದೆ ಆ ದಾರಿ ಇರಲಿಲ್ಲ. ಕೋಟಿಗಟ್ಟಲೆ ಜನ ಮತ ಹಾಕಿ ಕಟ್ಟಿದ ವಿಧಾನಸಭೆಗಳನ್ನು ಮುರಿಯುವ ಕಾಗದ ಅದು. ಅದರ ಮುಂದೆ ಒಂದು ದಿನ ತಡೆದು ಕೂತವರನ್ನು ನಾನು ತಪ್ಪು ಅನ್ನಲಾರೆ. ಹಟ ಹಿಡಿದು ಸಹಿ ಹಾಕದೇ ಇದ್ದಿದ್ದರೆ ಅದು ತಪ್ಪಾಗುತ್ತಿತ್ತು. ಅವರು ಅಲ್ಲಿಗೆ ಹೋಗಲಿಲ್ಲ. ಪಕ್ಷಪ್ರೀತಿಯೇ ಇದ್ದಿದ್ದರೆ ಮರುದಿನವೇ ಸಹಿ ಬೀಳುತ್ತಿರಲಿಲ್ಲ.

ಅಮೆರಿಕದಲ್ಲಿ ಉಪಾಧ್ಯಕ್ಷರು ಉಳಿದ ಅವಧಿ ಪೂರ್ತಿ ಅಧ್ಯಕ್ಷರಾಗಿರುತ್ತಾರೆ. ಜತ್ತಿಯವರಿಗೆ ಯಾಕೆ ಸಿಗಲಿಲ್ಲ?
– ಶಿಕ್ಷಕಿ, ಬೀಳಗಿ

ಅಲ್ಲಿ 1974ರಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟಾಗ ಜೆರಾಲ್ಡ್ ಫೋರ್ಡ್ ಹಾಗೆಯೇ ಅಧ್ಯಕ್ಷರಾದರು. ನಮ್ಮ ನಿಯಮ ಬೇರೆ. ರಾಷ್ಟ್ರಪತಿ ಹುದ್ದೆ ತೆರವಾದ ಆರು ತಿಂಗಳೊಳಗೆ ಹೊಸ ಚುನಾವಣೆ ಆಗಲೇಬೇಕು, ಗೆದ್ದವರಿಗೆ ಪೂರಾ ಐದು ವರ್ಷ. ನೀಲಂ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾಗಿ 1977ರ ಜುಲೈ 25ರಂದು ಅಧಿಕಾರ ವಹಿಸಿಕೊಂಡರು. ಜತ್ತಿಯವರು ಉಪರಾಷ್ಟ್ರಪತಿ ಕೆಲಸಕ್ಕೆ ಮರಳಿದರು. 1979ರ ಆಗಸ್ಟ್‌ವರೆಗೆ ರಾಜ್ಯಸಭೆಯ ಸಭಾಪತಿಯಾಗಿದ್ದರು. ನಿಮ್ಮ ಮಕ್ಕಳಿಗೆ ಈ ಪಾಠ ಮಾಡುವಾಗ ಒಮ್ಮೆ ಸಾವಳಗಿಯ ಹೆಸರು ಹೇಳಿ ಟೀಚರ್.