ಪುಸ್ತಕ, ಆ್ಯಪ್ ನೋಡಿಕೊಂಡೇ ಆತಂಕ, ಖಿನ್ನತೆಯಿಂದ ಹೊರಬರಬಹುದಾ?

ಡಾಕ್ಟರ ಹತ್ತಿರ ಹೋಗದೆ, ಪುಸ್ತಕ, ಆ್ಯಪ್ ಇಟ್ಟುಕೊಂಡೇ ಸರಿಹೋಗಬಹುದಾ ಅಂತ ಕೇಳಿದ್ದೀರಿ. ತೊಂದರೆ ಸಣ್ಣದಿದ್ದರೆ ಎಷ್ಟೋ ಜನರಿಗೆ ಆಗುತ್ತದೆ. ಆದರೆ ಸುಮ್ನೆ ಓದಿದರೆ ಸಾಲದು. ಇದು ಗೊತ್ತಾಗುವ ಹೊತ್ತಿಗೆ ನಾನು ನಾಲ್ಕು ಪುಸ್ತಕ ಮುಗಿಸಿದ್ದೆ. ಪ್ರತಿ ಸಲವೂ ಎರಡು ದಿನ ಹುರುಪು, ಮೂರನೇ ದಿನ ಮತ್ತೆ ಅದೇ ಹಾಸಿಗೆ.

ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ನೋಟ್‌ಬುಕ್. ನನಗೆ ಫೋನ್ ಮಾಡುವುದೆಂದರೆ ವಿಪರೀತ ಹೆದರಿಕೆ. ತಡವಾದ ಒಂದು ಕೆಲಸದ ಬಗ್ಗೆ ಫೋನ್ ಮಾಡಬೇಕಿತ್ತು, ಹನ್ನೊಂದು ದಿನ ಮುಂದೂಡಿದ್ದೆ. ಪುಟದ ಎಡಗಡೆ ಬರೆದೆ: 'ಬೈತಾರೆ. ಖಾತ್ರಿ ನೂರಕ್ಕೆ 90.' ಫೋನ್ ಮಾಡಿಯಾದ ಮೇಲೆ ಬಲಗಡೆ: 'ಓ ಅದಾ, ಸೋಮವಾರ ಕಳಿಸಿ ಅಂದ್ರು. ಎರಡು ನಿಮಿಷ.' ಒಂದು ಸಲಕ್ಕೆ ಏನೂ ಬದಲಾಗಲಿಲ್ಲ. ಇಪ್ಪತ್ತು ಸಾಲು ತುಂಬಿದ ಮೇಲೆ ಎಡಗಡೆಯ ಅಂಕಿ ಇಳಿಯತೊಡಗಿತು. ಇದು ನನ್ನ ಉಪಾಯವಲ್ಲ. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ಶುರುಮಾಡಿದ ಚಿಕಿತ್ಸೆಯಿಂದ ಬೆಳೆದು ಬಂದ ಸಿಬಿಟಿಯ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆಯ) ಅಭ್ಯಾಸ.

ಖಿನ್ನತೆಗೆ ಇನ್ನೊಂದು ಮಾತು: ಮನಸ್ಸು ಬಂದಮೇಲೆ ಮಾಡೋಣ ಅಂತ ಕಾಯಬೇಡಿ. ಮನಸ್ಸು ಬರದಿರುವುದೇ ಕಾಯಿಲೆ ಅಲ್ವಾ? ಗಡಿಯಾರ ನೋಡಿ ಎದ್ದು ಹತ್ತು ನಿಮಿಷ ನಡೆಯಿರಿ.

ಒಬ್ಬರೇ ಮಾಡಿದರೆ ಅರ್ಧಕ್ಕೆ ಬಿಡುವುದು ಜಾಸ್ತಿ. ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ 'ನೈಸ್' ಸಂಸ್ಥೆಯ 2022ರ ಮಾರ್ಗಸೂಚಿ, ತೀವ್ರವಲ್ಲದ ಖಿನ್ನತೆಗೆ ಇಂಥ ಸ್ವಸಹಾಯವನ್ನೇ ಮೊದಲ ಆಯ್ಕೆಗಳಲ್ಲಿ ಹೇಳುತ್ತದೆ. ಆದರೆ ತರಬೇತಿ ಪಡೆದವರೊಬ್ಬರು ಜೊತೆಗಿದ್ದು ವಿಚಾರಿಸುತ್ತಿರಬೇಕು ಅನ್ನುತ್ತದೆ. ನನಗೆ ಸಿಕ್ಕದ್ದು ತಂಗಿ. ಪ್ರತಿ ಭಾನುವಾರ 'ಎಷ್ಟು ಸಾಲಾಯ್ತು?' ಅಂತ ಕೇಳುತ್ತಿದ್ದಳು, ಅಷ್ಟೇ. ಅಷ್ಟಕ್ಕೇ ಶನಿವಾರ ರಾತ್ರಿ ಕೂತು ಬರೆಯುತ್ತಿದ್ದೆ.

ಎಲ್ಲಿಯವರೆಗೆ ಸ್ವಸಹಾಯ? ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 27 ಅಂಕ. ಅದೇ ರೋಗನಿರ್ಣಯ ಅಲ್ಲ. ಆದರೂ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆಯೂ ಖಿನ್ನತೆಯ ಹಾಗೇ ಕಾಣಬಹುದು. ಒಂಬತ್ತನೇ ಪ್ರಶ್ನೆ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಪುಸ್ತಕ ಪಕ್ಕಕ್ಕಿಟ್ಟು ಇವತ್ತೇ ಯಾರಿಗಾದರೂ ಹೇಳಿ, ಡಾಕ್ಟರ ಹತ್ತಿರ ಹೋಗಿ.

ನನಗೆ ಮೊದಲ ಸಲ 8 ಇತ್ತು, ನೋಟ್‌ಬುಕ್ ಸಾಕಾಯಿತು. ಎರಡು ವರ್ಷದ ಮೇಲೆ 17 ಬಂತು. ಆಗಲೂ ಅದನ್ನೇ ಹಿಡಿದು ಕೂತೆ, ಪೆನ್ನಿನ ಮುಚ್ಚಳ ತೆಗೆಯಲೂ ಆಗಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಎಂಟನೇ ವಾರ ಹೊಸ ಪುಟದಲ್ಲಿ ಒಂದು ಸಾಲು ಬರೆದೆ.